ನೂಲಿಲ್ಲದ ದಿನಗಳ ಹಾಡಿನ ಕ್ಯಾಂಪು

ತಮಿಳುನಾಡಿನ ಸೇಲಂನಲ್ಲಿ, ಕನ್ನಡ ಮನೆಮಾತಿನ ನಮ್ಮ ನೇಕಾರರ ಬೀದಿಯಲ್ಲಿ ಹೊಟ್ಟೆಗಿಲ್ಲದ ದಿನಗಳಲ್ಲೇ ನಗೋ ಸಂಗತಿ ಜಾಸ್ತಿ ನಡೀತಿದ್ದದ್ದು. ಹೊಟ್ಟೆ ತುಂಬಿದವರು ಮಲಗಿಬಿಡ್ತಾರೆ. ಖಾಲಿ ಹೊಟ್ಟೆಯವರು ಜಗಲಿ ಮೇಲೆ ಕೂತು ಏನಾದರೂ ಎಡವಟ್ಟು ಮಾಡ್ಕೋತಾರೆ. ನಾನು ಹೇಳ್ತಿರೋದು ಎಪ್ಪತ್ತರ ದಶಕದ ಮಾತು. ನೂಲಿನ ಬೆಲೆ ಏರಿ, ಆಮೇಲೆ ಕೇಳಿದಷ್ಟು ಕೊಡ್ತೀವಿ ಅಂದರೂ ನೂಲೇ ಸಿಗದೆ, ಮನೆಮನೆಯ ಮಗ್ಗವೂ ನಿಂತುಹೋಗಿತ್ತು. ಹಗಲುಹೊತ್ತಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಇದೆಯಲ್ಲ, ಅದರಲ್ಲಿ ನಡೆಯೋಕೇ ಭಯ ಆಗ್ತಿತ್ತು.

ಆಗ ನಮ್ಮ ಕೈಹಿಡಿದವರು ವಾತ್ಯಾರು, ಅಂದರೆ ಮೇಷ್ಟ್ರು. ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸ್ತಿದ್ದು, ಕಂಪನಿ ಮುಚ್ಚಿದ ಮೇಲೆ ನಮ್ಮ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದ ತಮಿಳು ಮುದುಕರು. ಅವರು ತಮಿಳಲ್ಲಿ ಮಾತಾಡೋರು, ನಾವು ಕನ್ನಡದಲ್ಲಿ. ಇಬ್ಬರಿಗೂ ಎಲ್ಲಾ ಅರ್ಥವಾಗ್ತಿತ್ತು. "ಕೈಗೆ ಕೆಲಸ ಇಲ್ಲ, ಬಾಯಿಗಾದರೂ ಕೊಡೋಣ. ಚೌಡಮ್ಮನ ಗುಡಿ ಮಂಟಪದಲ್ಲಿ ಒಂದು ತಿಂಗಳು ಸಂಗೀತ ಕ್ಯಾಂಪು" ಅಂದರು. ಕ್ಯಾಂಪು ಅಂದದ್ದೇ ತಡ, ಅರ್ಧ ಬೀದಿಯ ಗಂಡಸರು ಮಾಯ! ಆ ಕಾಲದಲ್ಲಿ ಕ್ಯಾಂಪು ಅಂದರೆ ಕುಟುಂಬ ಯೋಜನೆ ಆಪರೇಷನ್ನು. ಹಾರ್ಮೋನಿಯಂ ಹೊತ್ತು ತಂದು ಬೀದಿಯಲ್ಲಿಟ್ಟ ಮೇಲೇ ಅವರು ಮನೆಗೆ ವಾಪಸ್ಸು ಬಂದದ್ದು.

ನನಗೇನೂ ಹಾಡಿನ ಹುಚ್ಚಿರಲಿಲ್ಲ. ನಾನು ಹೋದದ್ದು ನಮ್ಮಕ್ಕನಿಗೋಸ್ಕರ. ಸಣ್ಣ ವಯಸ್ಸಿಗೇ ಗಂಡನ್ನ ಕಳಕೊಂಡು, ಕೈಗೂಸು ಎತ್ತಿಕೊಂಡು ನಮ್ಮ ಮನೆ ಸೇರಿದವಳು. ಆ ಕೂಸಿಗೆ ಈಗ ಮದುವೆ ಗೊತ್ತಾಗಿತ್ತು, ಗಂಡು ಬಸ್ಸಲ್ಲಿ ಮೂರು ಗಂಟೆ ದೂರದ ಕಾರಿಮಂಗಲದವನು. ಒಂದಿನ ಅಕ್ಕ ಖಾಲಿ ರಾಟೆ ಮುಂದೆ ಕೂತಿದ್ದವಳು, "ತಮ್ಮಯ್ಯ, ನನ್ ಮಗ್ಳು ಹಸೆ ಮೇಲೆ ಕೂತಾಗ ಒಂದು ಹಾಡು ನಾನೇ ಹಾಡ್ಬೇಕು ಕಣ್ಲಾ. ಒಂದೇ ಒಂದು" ಅಂದಳು. ಹಸೆ ಹಾಡು ಮುತ್ತೈದೆಯರದು. ಗಂಡನಿಲ್ಲದವಳು ಹಸೆಯ ಹತ್ತಿರ ಸುಳಿಯೋ ಹಾಗಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. "ನೋಡಾಣ ಇರಕ್ಕ" ಅಂದು ಎದ್ದು ಹೋಗಿ ಕ್ಯಾಂಪಿಗೆ ಸೇರಿದೆ, ನಾನಿದ್ದರೆ ಅವಳೂ ಹಾಡಿನ ಹತ್ತಿರ ಸುಳಿದಾಳು ಅಂತ.

ದಿನಾ ವ್ರತ

ವಾತ್ಯಾರಿಗೆ ದಿನಕ್ಕೊಂದು ಮನೆಯವರು ಊಟ ಹಾಕೋದು ಅಂತ ಮಾತಾಗಿತ್ತು. ಹಾಕೋಕೆ ಏನಿತ್ತು, ಮಣ್ಣು! ಎಲ್ಲರ ಮನೆಯಲ್ಲೂ ರಾಗಿ ಗಂಜಿ. ವಿದ್ಯೆ ಹೇಳಿಕೊಡೋ ದೊಡ್ಡವರಿಗೆ ಗಂಜಿ ಹುಯ್ಯೋದು ಹೇಗೆ? ಮೊದಲನೇ ಮನೆಯಾಕೆ, "ಇವತ್ತು ನಮ್ಮನೇಲಿ ವ್ರತ ಐತೆ ಸಾಮಿ, ಗಂಜಿ ಬಿಟ್ರೆ ಬೇರೆ ಮುಟ್ಟಂಗಿಲ್ಲ" ಅಂದುಬಿಟ್ಟಳು. ಎರಡನೇ ಮನೆಯಾಕೆಗೆ ಈ ವಿಷಯ ಗೊತ್ತಿಲ್ಲ, ಅವಳಿಗೂ ಅದೇ ಹೊಳೆಯಿತು. ಮೂರನೇ ಮನೆಯಲ್ಲೂ ವ್ರತ. ನಾಲ್ಕನೇದರಲ್ಲೂ ವ್ರತ.

ನಮ್ಮ ಸರದಿ ಬಂದಾಗ ನನ್ನ ಹೆಂಡ್ತಿಯೂ ಕೈಮುಗಿದು ವ್ರತ ಅಂದಳು. ವಾತ್ಯಾರು ಗಂಜಿ ಕುಡಿದರು. ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು ಕೇಳಿದರು: "ಅಲ್ಲಮ್ಮಾ, ನಿಮ್ಮ ಬೀದಿ ದೇವರು ಊಟ ಮಾಡೋದು ಯಾವತ್ತು?"

"ನೂಲು ಬಂದ್ ದಿನ ಸಾಮಿ" ಅಂದಳು ನನ್ನ ಹೆಂಡ್ತಿ.

ಮೂರನೇ ಕಾಲು

ಕೈಯಲ್ಲಿ ತಾಳ ಹಾಕಿ ಅಂದರು ವಾತ್ಯಾರು. ಯಾರ ಕೈಯೂ ಮಾತು ಕೇಳಲಿಲ್ಲ. ನಾವು ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟು, ಎಡ ಬಲ, ಎಡ ಬಲ ತುಳಿದು ಬೆಳೆದವರು. ನಮಗೆ ತಾಳ ಇರೋದು ಕಾಲಲ್ಲಿ. ಕೊನೆಗೆ ವಾತ್ಯಾರೇ ಸೋತು, ಮಂಟಪದ ಅಂಚಿಗೆ ಎಲ್ಲರನ್ನೂ ಕಾಲು ಇಳಿಬಿಟ್ಟು ಕೂರಿಸಿದರು. ಆಗ ನೋಡಿ, ನಾಲ್ಕರ ತಾಳ ನೀರು ಕುಡಿದಷ್ಟು ಸಲೀಸು.

ಮಾರನೇ ದಿನ ಮೂರರ ತಾಳ ಶುರುಮಾಡಿದರು. ಎಡ, ಬಲ... ಆಮೇಲೆ? ಎಲ್ಲರ ಕಾಲೂ ಗಾಳಿಯಲ್ಲಿ ನಿಂತುಬಿಟ್ಟವು. ವಾತ್ಯಾರು "ಒಂದು, ಎರಡು, ಮೂರು!" ಅಂತ ಕೂಗಿದರು. ನಮ್ಮ ಬೀದಿಯ ಹಿರಿಯಜ್ಜ ತನ್ನ ಕಾಲುಗಳನ್ನೇ ಬಗ್ಗಿ ನೋಡ್ಕೊಂಡು ಅಂದ: "ದೇವ್ರು ಕೊಟ್ಟಿರಾದು ಎಲ್ಡೇಯಾ ಸಾಮಿ. ಮೂರ್ನೇ ಕಾಲು ನೀವೇ ಎಲ್ಲಿಂದಾದ್ರೂ ತಂದ್ಕೊಡಿ."

ನೀರು ಬಾರದ ಕೊಳಾಯಿ

ಅಕ್ಕ ಮಂಟಪದೊಳಗೆ ಬರ್ತಿರಲಿಲ್ಲ. ದಿನಾ ಒಂದು ಬಿಂದಿಗೆ ಎತ್ತಿಕೊಂಡು ಗುಡಿ ಪಕ್ಕದ ಕೊಳಾಯಿ ಹತ್ತಿರ ಹೋಗಿ, ಗೋಡೆ ಮರೆಯಲ್ಲಿ ಕೂತ್ಕೊಳ್ಳೋಳು. ಆ ಕೊಳಾಯಿ ಹಾಕಿದ ದಿನದಿಂದ ಒಂದು ತೊಟ್ಟು ನೀರು ಕಂಡಿದ್ದಲ್ಲ. ಅವಳು ಹಾಡು ಕೇಳೋಕೆ ಬರೋದು ಬೀದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

ನಮ್ಮ ಹೆಣ್ಮಕ್ಕಳು ಮದುವೆಗಳಲ್ಲಿ ಆಗಲೇ ತಮಿಳು ಸಿನಿಮಾ ಹಾಡಿಗೆ ಬಿದ್ದಿದ್ದರು. ಒಂದಿನ ವಾತ್ಯಾರು, "ಸಿನಿಮಾ ಸಾಕು. ನಿಮ್ಮ ಅಜ್ಜಿಯರ ಹಸೆ ಹಾಡು ಹೇಳಿ" ಅಂದರು. ನನ್ನ ಹೆಂಡ್ತಿ ಮತ್ತೆ ನಾಲ್ಕು ಜನ ಶುರುಮಾಡಿದರು. ಎರಡು ಸಾಲು ಆಗೋ ಹೊತ್ತಿಗೆ ಸರಕು ಖಾಲಿ. ಮೂರನೇ ಸಾಲು ಗೋಡೆ ಆಚೆಯಿಂದ ಬಂತು.

ಅಕ್ಕನ ದನಿ! ಭಾವ ಮಗ್ಗದ ಮೇಲೆ ಕೂತಾಗ ಅಕ್ಕ ನೂಲು ಸುತ್ತುತ್ತಾ ಹಾಡ್ತಿದ್ದಳು. ಭಾವ ಸತ್ತ ಮೇಲೆ ಆ ದನಿ ನಾನು ಕೇಳಿರಲೇ ಇಲ್ಲ. ವಾತ್ಯಾರು ಎದ್ದು ಗೋಡೆ ಆಚೆ ಹೋಗಿ, "ಯಾರಮ್ಮಾ ಹಾಡಿದ್ದು?" ಅಂದರು.

"ನಾನು ನೀರಿಗೆ ಬಂದಿವ್ನಿ ಸಾಮಿ" ಅಂದಳು ಅಕ್ಕ, ಬಿಂದಿಗೆ ತಬ್ಬಿಕೊಂಡು.

"ಇದರಲ್ಲಿ ನೀರು ಬರುತ್ತಾ?"

"ಬಂದ್ರೆ ಬರ್ಲಿ ಅಂತ ಕಾಯ್ತಾ ಇವ್ನಿ."

ವಾತ್ಯಾರು ಕೊಳಾಯಿ ತಿರುಗಿಸಿ ನೋಡಿ, ತಲೆಯಾಡಿಸಿದರು. "ನಾಳೆಯೂ ಬಾಮ್ಮಾ. ನಾಳೆಯೂ ಇದರಲ್ಲಿ ನೀರು ಬರಲ್ಲ" ಅಂದರು.

ಬಾಡಿಗೆ ಬಾಯಿ

ಹೀಗೆ ಗೋಡೆ ಆಚೆಯಿಂದ ಅಕ್ಕ ಹೇಳೋದು, ಈಚೆ ಹೆಂಗಸರು ಕಲಿಯೋದು. ಕ್ಯಾಂಪು ಮುಗಿದ ವಾರಕ್ಕೇ ಮದುವೆ. ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಬೀದಿಯವರೇ ಹಿಡಿಹಿಡಿ ತಂದು ಸುರಿದಿದ್ದರು. ತಮಗೇ ಇಲ್ಲದವರು ಕೊಟ್ಟದ್ದು ಅದು. ನೆನೆದರೆ ಈಗಲೂ ಕಣ್ಣು ತುಂಬುತ್ತೆ.

ಗಂಡಿನ ಸೋದರತ್ತೆ ಜೋರಿನ ಹೆಂಗಸು. ಬಸ್ಸಿಳಿದವಳೇ ಹೇಳಿದಳು: "ಹಸೆ ತಾವ ಮುತ್ತೈದೇರು ಮಾತ್ರ ಇರ್ಬೇಕು. ಹುಡ್ಗಿ ಅವ್ವ ಅಡುಗೆಮನೇಲಿರ್ಲಿ. ತಪ್ಪು ತಿಳ್ಕಬ್ಯಾಡಿ." ನಾನು ಅಕ್ಕನ ಮುಖ ನೋಡಿದೆ. ಅಕ್ಕನೇ, "ಆಗ್ಲಿ ಬುಡ್ಲಾ, ನಾನು ಸಾರು ನೋಡ್ಕತೀನಿ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹುಡುಗಿ ಹಸೆ ಮೇಲೆ ಕೂತಳು. ನಮ್ಮ ಹೆಂಗಸರು ಹಾಡು ಎತ್ತಿದರು. ಅಷ್ಟು ಜನದ ಕಣ್ಣು ನೋಡಿದ್ದೇ, ಮೂರನೇ ಸಾಲಿಗೆ ಮತ್ತೆ ಮರೆತುಹೋಯ್ತು! ಒಬ್ಬರ ಮುಖ ಒಬ್ಬರು ನೋಡ್ತಾ ಇರೋವಾಗ, ಮುಚ್ಚಿದ ಬಾಗಿಲ ಹಿಂದಿನಿಂದ ಆ ಸಾಲು ಬಂತು. ನನ್ನ ಹೆಂಡ್ತಿ ಚುರುಕು. ಸರಿಯಾದ ಹೊತ್ತಿಗೆ ಬಾಯಿ ತೆಗೆದುಬಿಟ್ಟಳು. ಅವಳ ದನಿ ಕಾಗೆ ಓಡಿಸೋಕೆ ಲಾಯಕ್ಕು. ಆವತ್ತು ಕಣ್ಣು ಮುಚ್ಚಿ, ಕೈಯಾಡಿಸಿ, ಬಾಯಿ ಮಾತ್ರ ಆಡಿಸಿದಳು.

ಸೋದರತ್ತೆ ಕಣ್ಣೊರೆಸಿಕೊಂಡು, ತನ್ನ ಮುಡಿಯ ಮಲ್ಲಿಗೆ ಕಿತ್ತು ನನ್ನ ಹೆಂಡ್ತಿಗೆ ಮುಡಿಸಿದಳು. "ಎಂಥ ಕಂಠ ಕಣಮ್ಮ ನಿಂದು! ಇನ್ನೊಂದು ಹಾಡು, ನೀನೊಬ್ಳೇ ಹಾಡು."

ನನ್ನ ಹೆಂಡ್ತಿ ಒಂದು ಸಲ ಬಾಗಿಲು ನೋಡಿದಳು, ಒಂದು ಸಲ ನನ್ನ ನೋಡಿದಳು. ಆಮೇಲೆ ಮಲ್ಲಿಗೆ ತೆಗೆದು ಸೋದರತ್ತೆಯ ಕೈಗಿಟ್ಟು, "ನಾನು ಬಾಯಿ ಬಾಡಿಗೆಗೆ ಕೊಟ್ಟಿದ್ದೆ ಅಷ್ಟೇ ಅಮ್ಮಾ. ದನಿ ಹುಡ್ಗಿ ಅವ್ವಂದು" ಅಂದಳು.

ಸೋದರತ್ತೆ ಎದ್ದು ನೇರ ಅಡುಗೆಮನೆಗೆ ನಡೆದಳು. ಮದುವೆ ಮುರೀತು ಅಂತ ನಾನು ಹಿಂದೆಯೇ ಓಡಿದೆ. ಬಾಗಿಲು ತಳ್ಳಿದಾಗ ಅಕ್ಕ ಸೌಟು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಮುಖವೆಲ್ಲ ಕಣ್ಣೀರು. ಸೋದರತ್ತೆ ಅವಳನ್ನೇ ನೋಡುತ್ತಾ ನಿಂತಳು. ಆಮೇಲೆ ನಮ್ಮ ಕಡೆ ತಿರುಗಿ ಗದರಿದಳು: "ಈ ಬಾಗ್ಲು ಯಾರು ಮುಚ್ಚಿದ್ದು? ಹೊಗೇಲಿ ಉಸ್ರು ಕಟ್ಟಿ ಸತ್ತೋದಾಳು. ತೆಗ್ದೇ ಇರ್ಲಿ!" ಅಕ್ಕನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸ್ತು: "ಇಲ್ಲಿಂದ ಮಗ್ಳು ಕಾಣ್ತಾಳೆ. ಹಾಡು."

ಅಕ್ಕ ಹಾಡಿದಳು. ಮೊದಲಿಂದ ಕೊನೇವರೆಗೂ, ಮಗಳ ಮುಖ ನೋಡ್ಕೊಂಡು. ಹಸೆ ಮೇಲಿನ ಹುಡುಗಿ ತಲೆ ಎತ್ತಿ ಅವ್ವನನ್ನೇ ನೋಡ್ತಿದ್ದಳು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಕ್ಕ ಹಾಗೆ ಎಲ್ಲರೆದುರು ಹಾಡಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಯಾರೂ ಅವಳನ್ನ ಯಾವ ಹಸೆಗೂ ಕರೆಯಲಿಲ್ಲ. ಅಕ್ಕ ಈಗಿಲ್ಲ. ಆ ಹಾಡು ಪೂರ್ತಿ ಬಲ್ಲವರೂ ಇಲ್ಲ.

ಆದರೆ ಅಕ್ಕ ಹಾಡ್ತಾ ನಿಂತರೆ ಸಾರು ನೋಡೋರು ಯಾರು? ತಳ ಹತ್ತಿ, ಸೀದು, ಇದ್ದಿಲಾಗಿತ್ತು. ಇನ್ನೊಂದು ಸಲ ಮಾಡೋಣ ಅಂದರೆ ಬೀದಿಯಲ್ಲೇ ಬೇಳೆ ಇಲ್ಲ. ಅದನ್ನೇ ಬಡಿಸಿದೆವು. ಗಂಡಿನ ಕಡೆಯವರು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. ಅಕ್ಕ ಕಂಬದ ಮರೆಗೆ ಸರಿದಳು. ಸೋದರತ್ತೆ ಕಲಸಿ, ತಿಂದು, ನುಂಗಿ, ಪಂಕ್ತಿಯನ್ನ ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದಳು.

"ನಮ್ ಬೀಗಿತ್ತಿ ಸಾರು ಅಮೃತ ಐತೆ" ಅಂದಳು. "ಎಲೇಲಿ ಬುಟ್ಟೋನು ಕಾರಿಮಂಗಲಕ್ಕೆ ನಡ್ಕಂಡೇ ಬರ್ಲಿ."

ಅಷ್ಟೂ ಜನ ಎರಡೆರಡು ಸಲ ಹಾಕಿಸಿಕೊಂಡು ತಿಂದರು.