ಒಳಕೋಣೆಯ ವೈರ್‌ಲೆಸ್ ಹೋರಾಟ

ನಮ್ಮ ಮನೆಯಲ್ಲಿ ಟೆಲಿಫೋನು ಪಡಸಾಲೆಯಲ್ಲಿದೆ, ಕಂಪ್ಯೂಟರು ಒಳಕೋಣೆಯಲ್ಲಿದೆ. ನನ್ನ ಸಂಸಾರದ ಕಷ್ಟಗಳೆಲ್ಲ ಈ ಎರಡರ ನಡುವಿನ ನಲವತ್ತು ಅಡಿ ಜಾಗದಲ್ಲಿ ವಾಸವಾಗಿವೆ.

ಇಂಟರ್ನೆಟ್ಟು ಟೆಲಿಫೋನಿನ ಪಕ್ಕದಲ್ಲಿರುವ ಮೋಡೆಮ್ ಎಂಬ ಪುಟ್ಟ ಡಬ್ಬಿಗೆ ಬರುತ್ತದೆ. ಅಲ್ಲಿಂದ ಒಂದು ನೀಲಿ ವೈರು ಹೊರಟು, ಪಡಸಾಲೆ ದಾಟಿ, ಅಡುಗೆಮನೆಯ ಮುಂದೆ ಹಾದು, ನಡುಮನೆಯ ಹೊಸ್ತಿಲು ಹತ್ತಿ ಇಳಿದು, ಒಳಕೋಣೆಯಲ್ಲಿ ನನ್ನನ್ನು ಬಂದು ಸೇರುತ್ತಿತ್ತು. ಆ ಕೋಣೆಗೆ ಒಂದೇ ಕಿಟಕಿ, ಒಂದೇ ಕುರ್ಚಿ. ನಾರಾಯಣಪೇಟೆಯ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನಾನು ಬೇಸಿಗೆ ರಜೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅಲ್ಲಿ ಪ್ರಶ್ನೆಪತ್ರಿಕೆ ತಯಾರಿಸುತ್ತೇನೆ. (ಪ್ರಶ್ನೆಪತ್ರಿಕೆ ತಯಾರಿಸಲು ಬುದ್ಧಿ ಚುರುಕಾಗಿರಬೇಕು. ಬುದ್ಧಿ ಚುರುಕಾಗಲು ಇಸ್ಪೀಟು ಆಡಬೇಕು. ಬ್ರೆಜಿಲ್ ದೇಶದ ಒಬ್ಬ ಸದ್ಗೃಹಸ್ಥ ಇಂಟರ್ನೆಟ್ಟಿನಲ್ಲಿ ಇದಕ್ಕೆ ಸಹಕರಿಸುತ್ತಿದ್ದ.)

ಅದು ಎರಡು ಸಾವಿರದ ಹದಿನಾಲ್ಕರ ಜೂನ್ ತಿಂಗಳು. ನಮ್ಮ ಊರನ್ನೂ ಸೇರಿಸಿಕೊಂಡು ತೆಲಂಗಾಣ ರಾಜ್ಯ ಹುಟ್ಟಿ ನಾಲ್ಕು ದಿನವಾಗಿತ್ತು, ಶುಕ್ರವಾರ. ಶುಕ್ರವಾರವೆಂದರೆ ನನ್ನ ಹೆಂಡತಿ ಗಂಗಾಂಬಿಕಾ ಹೊಸ್ತಿಲು ತೊಳೆದು ಅರಿಶಿಣ ಹಚ್ಚುವ ದಿನ. ಹೊಸ್ತಿಲ ಮೇಲಿದ್ದ ವೈರಿಗೂ ಅರಿಶಿಣ ಬಿತ್ತು. ವೈರು ಯಾವುದು, ಹೊಸ್ತಿಲು ಯಾವುದು ತಿಳಿಯದಂತಾಯಿತು. ಅದೇ ಹೊತ್ತಿಗೆ ಮಗ್ಗದ ಹಣಮಮ್ಮ ಹನ್ನೆರಡು ಸೀರೆಗಳ ಗಂಟು ಹೊತ್ತು ಒಳಗೆ ಬಂದಳು. ಅವಳು ನೇಯ್ದ ಸೀರೆಗಳನ್ನು ಗಂಗಾಂಬಿಕಾ ನೆಂಟರಿಷ್ಟರಿಗೆಲ್ಲ ಮಾರಿಕೊಡುತ್ತಾಳೆ. ಹಣಮಮ್ಮನ ಕಾಲಿಗೆ ವೈರು ಸಿಕ್ಕಿತು. ಸೀರೆ ಒಂದು ದಿಕ್ಕಿಗೆ, ಹಣಮಮ್ಮ ಒಂದು ದಿಕ್ಕಿಗೆ. ನನ್ನ ಕಂಪ್ಯೂಟರಿನಲ್ಲಿ ಬ್ರೆಜಿಲ್ ಮಾಯವಾಯಿತು.

"ಏನಾತು?" ಎಂದು ಒಳಗಿನಿಂದಲೇ ಕೇಳಿದೆ.

"ಏನಾಗಿಲ್ಲ ಮಾಸ್ತರ, ಸೊಂಟ ಅಷ್ಟ" ಎಂದಳು ಹಣಮಮ್ಮ ನೆಲದಿಂದ.

ಅವಳನ್ನು ಎಬ್ಬಿಸಿ ಕೂರಿಸಿ ಚಹಾ ಕೊಟ್ಟಮೇಲೆ ಗಂಗಾಂಬಿಕಾ ಬಾಗಿಲು ನೂಕಿಕೊಂಡು ನನ್ನ ಕೋಣೆಗೆ ಬಂದಳು.

"ಕಂಪ್ಯೂಟರ್ ಪಡಸಾಲಿಗೆ ತರ್ರಿ. ಡಬ್ಬಿ ಪಕ್ಕದಾಗ ಇಟ್ರ ವೈರೂ ಬ್ಯಾಡ, ಸೊಂಟ ಮುರಿಯೋದೂ ಬ್ಯಾಡ."

ಪಡಸಾಲೆಯಲ್ಲಿ ಕೂತು ಇಸ್ಪೀಟು ಆಡುವುದೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಸ್ನಾನ ಮಾಡಿದಂತೆ. ಹೋಗುವವರು ಬರುವವರೆಲ್ಲ ನಿಂತು ನೋಡುತ್ತಾರೆ. "ಅರವತ್ತು ವರ್ಷ ಬಡಿದಾಡಿ ಒಂದು ರಾಜ್ಯಾನ ಬ್ಯಾರೆ ಆತು. ನನಗೊಂದು ಬ್ಯಾರೆ ಕೋಣಿ ಇರಬಾರದೇನು?" ಎಂದೆ.

"ರಾಜ್ಯ ಬ್ಯಾರೆ ಆದ್ರೂ ಹೈದರಾಬಾದು ಹತ್ತು ವರ್ಷ ಇಬ್ಬರಿಗೂ ಜಂಟಿ ರಾಜಧಾನಿ ಅಂತಲ್ಲ? ಹಂಗ ಕಂಪ್ಯೂಟರೂ ಜಂಟಿ. ಪಡಸಾಲಿಗೆ ಬರಲಿ."

ಇತಿಹಾಸ ನನ್ನ ಕಡೆ ಇದೆ ಅಂದುಕೊಂಡಿದ್ದೆ. ಇತಿಹಾಸವನ್ನು ಅವಳೂ ಪೇಪರಿನಲ್ಲಿ ಓದಿದ್ದಳು. ಕೊನೆಗೆ ವಿಜ್ಞಾನದ ಮೊರೆಹೊಕ್ಕೆ. ಮೋಡೆಮ್ಮು ಗಾಳಿಗೆ ಬಿಡುವ ಇಂಟರ್ನೆಟ್ಟನ್ನು ವೈರಿಲ್ಲದೆ ಹಿಡಿಯುವ ಕಾರ್ಡು ಎಂಬುದೊಂದಿದೆ, ಅದನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿದರೆ ಹೊಸ್ತಿಲಿಗೆ ವೈರಿನ ಸೋಂಕೇ ಇರುವುದಿಲ್ಲ ಎಂದು ವಿವರಿಸಿದೆ.

"ಯಾರು ಕೂಡಿಸೋರು?"

"ನಾನು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಿಂದೊಮ್ಮೆ ನಾನು ಮಿಕ್ಸರ್ ರಿಪೇರಿ ಮಾಡಿದ್ದು ಅವಳಿಗೆ ನೆನಪಾಗಿರಬೇಕು. "ಬರೋ ಗುರುವಾರ ಸಂಜಿತನ ಮುದ್ದತು. ಅಷ್ಟರಾಗ ಆದ್ರ ಕಂಪ್ಯೂಟರ್ ಈ ಕೋಣಿ ಬಿಟ್ಟು ಅಲ್ಲಾಡಂಗಿಲ್ಲ. ಆಗಲಿಲ್ಲ ಅಂದ್ರ ಪಡಸಾಲಿ."

"ಮಾತು ಅಂದ್ರ ಮಾತು?"

"ಮಾತು ಅಂದ್ರ ಮಾತು."

ಮರುದಿನವೇ ರಾಯಚೂರು ಬಸ್ಸು ಹತ್ತಿ ಕಾರ್ಡು ತಂದೆ. ಅಂಗಡಿಯವನು "ಐದು ನಿಮಿಷದ ಕೆಲಸಾರೀ ಸರ್, ಬಿಚ್ಚೋದು, ಒತ್ತೋದು, ಮುಚ್ಚೋದು" ಎಂದಿದ್ದ. ಹಸಿರು ಹಲಗೆಯಂಥ ಆ ಕಾರ್ಡಿಗೆ ಒಂದು ಮಗ್ಗುಲಲ್ಲಿ ಆಂಟೆನಾದ ಕರಿಯ ಕೊಂಬು, ಇನ್ನೊಂದು ಅಂಚಿನಲ್ಲಿ ಸಾಲಾಗಿ ಪುಟ್ಟಪುಟ್ಟ ಚಿನ್ನದ ಗೆರೆಗಳು. ಗದ್ವಾಲ ಸೀರೆಯ ಅಂಚಿಗೂ ಇಷ್ಟು ಹೊಳಪಿಲ್ಲ ಎಂದು ಹೇಳಿದೆ. (ಸೀರೆ ವ್ಯಾಪಾರದ ಮನೆಯಲ್ಲಿ ಇಂಥ ಮಾತು ಆಡಬಾರದು. ಆ ಹೊತ್ತಿನ ಚಹಾ ಬರಲಿಲ್ಲ.)

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಕರೆಂಟು ತೆಗೆದು, ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಮುಂದೆ ಪದ್ಮಾಸನ ಹಾಕಿದೆ. ಪಕ್ಕದ ತಗಡು ಕಳಚಿದಾಗ ಒಳಗೆ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮಾಡಲು ಸಾಕಾಗುವಷ್ಟು ಮಣ್ಣು, ಎರಡು ಹಲ್ಲಿ ಮೊಟ್ಟೆ. ಬಿಚ್ಚಿದ ಸ್ಕ್ರೂಗಳನ್ನು ಕಳೆಯಬಾರದೆಂದು ಶಾಸ್ತ್ರೋಕ್ತವಾಗಿ ಒಗ್ಗರಣೆ ಡಬ್ಬಿಯ ಖಾಲಿ ಬಟ್ಟಲಲ್ಲಿಟ್ಟೆ.

"ಅದು ಜೀರಿಗಿ ಬಟ್ಟಲಾರೀ" ಎಂದಳು ಗಂಗಾಂಬಿಕಾ.

"ಜೀರಿಗಿ ಇಲ್ಲಲ್ಲ?"

"ಅದಕ ಸ್ಕ್ರೂ ಹಾಕಿ ಒಗ್ಗರಣಿ ಕೊಡ್ಲೇನು?" ಎಂದವಳು ಕಾರ್ಡು ನೋಡಿದ್ದೇ ಹುಬ್ಬು ಗಂಟಿಕ್ಕಿದಳು. "ಹೊಸಾ ಸಾಮಾನು. ವಿಭೂತಿ ಹಚ್ಚಲಾರದ ಹೆಂಗ ಒಳಗ ಹಾಕ್ತೀರಿ?"

ನಮ್ಮ ಮನೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಸ್ಕೂಟರು, ಕುಕ್ಕರು, ನನ್ನ ಕನ್ನಡಕ, ಎಲ್ಲವೂ ಮೂರು ಬೆರಳಿನ ವಿಭೂತಿ ಪಡೆದೇ ಕೆಲಸಕ್ಕೆ ಹಾಜರಾದವು. ಅವಳು ಗಟ್ಟಿ ವಿಭೂತಿ ತಂದು, "ಕಾರ್ಡಿನ ಡಬ್ಬಿಗೆ ಒಂದೀಟು ಹಚ್ಚಿದ್ರ ಸಾಕು ಬಿಡ್ರಿ" ಎಂದಳು.

ಅವಳ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳದಿದ್ದರೆ ನನಗೆ ಉಪಕಾರವಾಗುತ್ತದೆ.

"ಡಬ್ಬಿ ಕೆಲಸಾ ಮಾಡ್ತೈತೇನು? ಕಾರ್ಡು ಮಾಡ್ತೈತಿ. ಭಕ್ತಿಯೊಳಗ ಜುಗ್ಗತನ ಮಾಡಬಾರದು" ಎಂದು ಅವಳ ಕೈಯಿಂದ ವಿಭೂತಿ ಕಿತ್ತುಕೊಂಡೆ. ಕಾರ್ಡಿನ ಹಣೆ ಯಾವುದು ಎಂಬ ಪ್ರಶ್ನೆ ಎದ್ದಿತು. ವೈಜ್ಞಾನಿಕವಾಗಿ ವಿಚಾರ ಮಾಡಿದೆ. ಕೊಂಬು ಇರುವ ಕಡೆ ಜುಟ್ಟು. ಎಲ್ಲಕ್ಕಿಂತ ತೇಜಸ್ಸು ಎಲ್ಲಿದೆಯೋ ಅಲ್ಲಿ ಹಣೆ. ನೀರಿನಲ್ಲಿ ಚೆನ್ನಾಗಿ ತೇಯ್ದು, ಆ ಚಿನ್ನದ ಗೆರೆಗಳ ಮೇಲೆ ಉದ್ದಕ್ಕೂ ಮೂರು ಪಟ್ಟಿ ಎಳೆದೆ. ಇನ್ನೊಂದು ಮೈಗೆ ಅನ್ಯಾಯವಾಗಬಾರದೆಂದು ತಿರುಗಿಸಿ ಅಲ್ಲಿಯೂ ಎಳೆದೆ. ಫ್ಯಾನಿನಡಿ ಒಣಗಿಸಿದೆ. ಯಂತ್ರದೊಳಗಿನ ಸೀಳಿನಲ್ಲಿಟ್ಟು ಒತ್ತಿದೆ, ಮುಚ್ಚಿದೆ, ಗುಂಡಿ ಒತ್ತಿದೆ.

ಕಂಪ್ಯೂಟರು ಎದ್ದಿತು. ಕಾರ್ಡನ್ನು ಮಾತ್ರ ಗುರುತಿಸಲಿಲ್ಲ. ಕಾರ್ಡಿನ ಜೊತೆ ಬಂದ ಸೀಡಿ ಹಾಕಿದೆ. "ಅಂಥದ್ದೇನೂ ಇಲ್ಲಿ ಇಲ್ಲ" ಎಂಬರ್ಥದ ಇಂಗ್ಲಿಷ್ ಬಂತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಸೋಮವಾರ ಹನ್ನೊಂದು ಸಲ ಆರಿಸಿ ಹಚ್ಚಿದೆ. ಮಂಗಳವಾರ ಲೆಕ್ಕ ಬಿಟ್ಟೆ. ಬುಧವಾರ ಗಂಗಾಂಬಿಕಾ ಪಡಸಾಲೆಯಲ್ಲಿ ಮೋಡೆಮ್ಮಿನ ಪಕ್ಕ ಒಂದು ಮೇಜು ಒರೆಸಿ ಇಟ್ಟಳು. ಆ ಮೇಜಿನ ಮೇಲೆ ಒಂದು ಹೂವಿನ ಬಟ್ಟೆಯನ್ನೂ ಹಾಸಿದಳು.

"ತಪ್ಪು ಕಾರ್ಡಿಂದಲ್ಲ. ರಾಜ್ಯ ಯಾವುದು ಅಂತ ಕೇಳೋ ಪಟ್ಟಿಯೊಳಗ ತೆಲಂಗಾಣ ಇಲ್ಲ. ಹೊಸಾ ರಾಜ್ಯ ಆಗಿದ್ದು ಈ ಯಂತ್ರಕ್ಕ ಇನ್ನೂ ತಿಳಿದಿಲ್ಲ" ಎಂದೆ.

"ಹಾಲಿನ ಜೋಗಮ್ಮಗ ತಿಳಿದೇತ್ರಿ. ಇಷ್ಟು ಶಾಣ್ಯಾ ಯಂತ್ರಕ್ಕ ತಿಳೀಲಿಲ್ಲಾ?"

ಗುರುವಾರ ಮಧ್ಯಾಹ್ನ ಮಖ್ತಲಿನಿಂದ ನನ್ನ ನಾದಿನಿ ಭಾಗ್ಯಜ್ಯೋತಿ ಬಂದಿಳಿದಳು. ಅಲ್ಲಿಯ ಒಂದು ಕಚೇರಿಯಲ್ಲಿ ಅವಳು ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಅಕ್ಕ ಫೋನು ಮಾಡಿದ್ದಳೋ, ತಾನಾಗಿಯೇ ಬಂದಳೋ ಇಬ್ಬರೂ ಹೇಳಲಿಲ್ಲ. ಆದರೆ ಕೈಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಯಾರೂ ಅಕ್ಕನ ಮನೆಗೆ ಊಟಕ್ಕೆ ಬರುವುದಿಲ್ಲ.

"ಏನ್ ಮಾಮ, ಗಾಳಿ ಹಿಡ್ಯಾಕ ಹೋಗೀರಂತ?"

"ಹಿಡಿದೇನಿ. ಅದು ಒಪ್ಪವಲ್ದು."

ಅವಳು ತಗಡು ಬಿಚ್ಚಿ, ಕಾರ್ಡು ಎಳೆದು, ಕಿಟಕಿಯ ಬೆಳಕಿಗೆ ಹಿಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು: "ಮಾಮ, ಇದರ ಹಲ್ಲಿಗೆ ವಿಭೂತಿ ಯಾರು ಹಚ್ಚ್ಯಾರ?"

"ಅದು ಹಣಿ" ಎಂದೆ.

"ಹಲ್ಲು. ಕರೆಂಟು ಹೋಗೋದು ಬರೋದು ಎಲ್ಲಾ ಇದರಿಂದನ. ಬೂದಿಯೊಳಗ ಕರೆಂಟು ಹಾಯ್ತೈತೇನು? ನೀವು ಒಂಬತ್ತನೇ ಕ್ಲಾಸಿಗೆ ಏನ್ ಕಲಿಸ್ತೀರಿ?"

ವಾಹಕಗಳು ಮತ್ತು ನಿರೋಧಕಗಳು ಎಂಬ ಪಾಠ ಕಲಿಸುತ್ತೇನೆ. ಹತ್ತೊಂಬತ್ತು ವರ್ಷಗಳಿಂದ.

"ಡಬ್ಬಿಗೆ ಹಚ್ಚಿದ್ರ ಸಾಕು ಅಂದಿದ್ದೆ ನಾನು" ಎಂದಳು ಗಂಗಾಂಬಿಕಾ ಗೋಡೆಯ ಕಡೆ ನೋಡುತ್ತ.

"ಒಂದು ರಬ್ಬರ್ ಕೊಡ್ರಿ. ಸಾಲಿ ಮಾಸ್ತರ ಮನಿಯಾಗ ಅದಾದ್ರೂ ಇರಬೇಕು" ಎಂದಳು ನಾದಿನಿ. ದಡ್ಡ ಹುಡುಗನ ಉತ್ತರ ಅಳಿಸುವಂತೆ ಎರಡೂ ಕಡೆ ತಿಕ್ಕಿ ನನ್ನ ಭಕ್ತಿಯನ್ನೆಲ್ಲ ಉಜ್ಜಿ ತೆಗೆದಳು. ಕಾರ್ಡು ಒತ್ತಿದಳು, ಗುಂಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಐದು ಪುಟ್ಟ ಕಂಬಗಳು ಎದ್ದು ನಿಂತವು. ಗಡಿಯಾರದಲ್ಲಿ ನಾಲ್ಕೂವರೆ.

ಅವಮಾನ ಬೇರೆ, ಒಪ್ಪಂದ ಬೇರೆ. ನಾನು ಗಂಟಲು ಸರಿಮಾಡಿಕೊಂಡೆ. "ಸಂಜಿ ಇನ್ನೂ ಆಗಿಲ್ಲ. ಯಾರು ಮಾಡಿದ್ರು ಅಂತ ಕರಾರಿನೊಳಗ ಇಲ್ಲ. ಕಂಪ್ಯೂಟರ್ ಈ ಕೋಣಿ ಬಿಟ್ಟು ಅಲ್ಲಾಡಂಗಿಲ್ಲ."

"ಇಲ್ರೀ, ಅಲ್ಲಾಡಂಗಿಲ್ಲ" ಎಂದಳು ಗಂಗಾಂಬಿಕಾ. ಅಷ್ಟು ಸುಲಭವಾಗಿ ಅವಳು ಒಪ್ಪಿದ್ದು ಮದುವೆಯಾದಮೇಲೆ ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಭಾಗ್ಯಜ್ಯೋತಿ ಕೈಚೀಲದಿಂದ ಒಂದು ಪುಟ್ಟ ಕ್ಯಾಮೆರಾ ತೆಗೆದು ಪರದೆಯ ನೆತ್ತಿಗೆ ಸಿಕ್ಕಿಸಿದಳು. ಅರ್ಧ ಗಂಟೆಯಲ್ಲಿ ಅಕ್ಕನಿಗೆ ವಿಡಿಯೋ ಕಾಲ್ ಮಾಡುವುದನ್ನು ಕಲಿಸಿದಳು. ಗದ್ವಾಲದ ದೊಡ್ಡಮ್ಮನ ಮಗಳು ಚನ್ನವೀರಮ್ಮ ಪರದೆಯಲ್ಲಿ ಮೂಡಿ, ಹಣಮಮ್ಮನ ಹನ್ನೆರಡು ಸೀರೆಯಲ್ಲಿ ಐದನ್ನು ಕೂತಲ್ಲೇ ಆರಿಸಿಕೊಂಡಳು.

"ಯಕ್ಕಾ, ಈ ಕೋಣಿ ಭಾಳ ಚೊಲೋ ಐತಿ ನೋಡು. ಬೆಳಕು ಒಂದ ಕಡಿಂದ ಬರ್ತೈತಿ, ಗದ್ದಲಿಲ್ಲ. ಪಡಸಾಲಿಯಾಗ ಇಟ್ಟಿದ್ರ ಬಣ್ಣಾನ ತಿಳೀತಿರಲಿಲ್ಲ" ಎಂದಳು ನಾದಿನಿ.

"ನಿಮ್ಮ ಮಾಮಾರ ಹಟ ಮಾಡಿ ಇಲ್ಲೇ ಇಡಿಸ್ಯಾರವ್ವ" ಎಂದಳು ನನ್ನ ಹೆಂಡತಿ. ನನ್ನನ್ನು ಹೊಗಳಿದ ಆ ಮಾತನ್ನು ಬರೆದಿಟ್ಟುಕೊಂಡಿದ್ದೇನೆ.

ಈಗ ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ಮೇಲೆ ಸೀರೆ. ಕೋಸಗಿ, ಮಖ್ತಲ್, ರಾಯಚೂರು, ಎಲ್ಲ ಕಡೆಯ ಹೆಂಗಸರು ಬೆಳಗ್ಗೆ ಹತ್ತರಿಂದ ಸರದಿಯಲ್ಲಿ ಪರದೆಗೆ ಬರುತ್ತಾರೆ. ಬಾಗಿಲು ತಟ್ಟಿದರೆ "ಒಳಗ ಗಿರಾಕಿ ಅದಾರ, ಆಮ್ಯಾಲೆ ಬರ್ರಿ" ಎಂಬ ಉತ್ತರ. ಇಣುಕಿದರೆ ಅವಳೊಬ್ಬಳೇ ಇರುತ್ತಾಳೆ. ಕರಾರನ್ನು ಅವಳು ಅಕ್ಷರಶಃ ಪಾಲಿಸಿದ್ದಾಳೆ. ಕಂಪ್ಯೂಟರು ಒಂದು ಅಂಗುಲ ಅಲ್ಲಾಡಿಲ್ಲ. ನನ್ನ ವಿಷಯ ಅದರಲ್ಲಿ ನಮೂದಾಗಿರಲಿಲ್ಲ. ನಾನು ಪಡಸಾಲೆಯಲ್ಲಿದ್ದೇನೆ.

ನಿನ್ನೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬೇಕಾಗಿ, ಸದ್ದು ಮಾಡದೆ ಒಳಗೆ ಹೋದೆ. ಸೀರೆಗಳ ಹಿಂದೆ ಬಗ್ಗಿಕೊಂಡು ಕಪಾಟಿನತ್ತ ಹೊರಟಿದ್ದೆ. ಪರದೆಯಿಂದ ಚನ್ನವೀರಮ್ಮನ ದನಿ ಬಂತು.

"ಯಕ್ಕಾ, ಹಿಂದ ಏನೋ ಹಳೇದು ಅಡ್ಡ ಬಂದೇತಿ ನೋಡ. ಸೆರಗು ಕಾಣವಲ್ದು."

ಗಂಗಾಂಬಿಕಾ ಹಿಂದೆ ತಿರುಗಲೇ ಇಲ್ಲ.

"ನಮ್ಮ ಮನಿಯವ್ರವ್ವ ಅದು" ಎಂದಳು. "ತಡಿ, ಸರಸ್ತೀನಿ."