ಮಕ್ಕಳಿಲ್ಲ ಎಂಬ ಸರ್ಟಿಫಿಕೇಟು

ಇದ್ದದ್ದಕ್ಕೆ ಸಾಕ್ಷಿ ತರಬಹುದು. ಇಲ್ಲದ್ದಕ್ಕೆ ಎಲ್ಲಿಂದ ತರುವುದು? ಆ ಬೆಳಿಗ್ಗೆ ಕಂಡಕ್ಟರನಿಗೆ ಒದಗಿದ ಕಷ್ಟ ಅದು. ತನಗೆ ಮಕ್ಕಳಿಲ್ಲ ಎಂದು ಅವನು ಮಧ್ಯಾಹ್ನ ಒಂದು ಗಂಟೆಯೊಳಗೆ ಸರ್ಕಾರಕ್ಕೆ ರುಜುವಾತು ಮಾಡಬೇಕಿತ್ತು.

ಮದುವೆಯಾಗಿ ಹದಿನಾಲ್ಕು ವರ್ಷ. ದಿನವಿಡೀ ಕಂಡವರ ಮಕ್ಕಳಿಗೆಲ್ಲ ಅರ್ಧ ಟಿಕೆಟ್ ಹರಿದುಕೊಟ್ಟು ಅವನ ಹೆಬ್ಬೆರಳು ಸವೆದಿತ್ತು. ಖಾಸಗಿ ಆಸ್ಪತ್ರೆಗೂ ಒಮ್ಮೆ ಹೋಗಿದ್ದರು. ಅಲ್ಲಿ ಹೇಳಿದ ಮೊತ್ತ ಕೇಳಿ ಗಂಡ ಹೆಂಡತಿ, ಕುಡಿಯಲು ಕೊಟ್ಟ ನೀರಿಗೂ ಬಿಲ್ಲು ಬಂದೀತೆಂದು ಲೋಟವನ್ನು ಅಲ್ಲೇ ಇಟ್ಟು ಎದ್ದುಬಂದಿದ್ದರು. ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ, ಆದರೆ ಸರದಿ ಬರಲು ಮೂರು ವರ್ಷ. ಅದು ಇವತ್ತು ಬಂದಿತ್ತು. ಹೆಂಡತಿಗೆ ನಾಳೆ ನಲವತ್ತು ತುಂಬುತ್ತದೆ. ನಲವತ್ತು ತುಂಬಿದವರ ಹೆಸರನ್ನು ಅಲ್ಲಿ ಬರೆದುಕೊಳ್ಳುವುದಿಲ್ಲ.

ಆರು ಗಂಟೆಗೇ ಹೋಗಿ ಟೋಕನ್ ಹಿಡಿದು ಕೂತಿದ್ದ ಹೆಂಡತಿ ಎಂಟಕ್ಕೆ ಫೋನು ಮಾಡಿದಳು. ಎಲ್ಲ ಕಾಗದವೂ ಸರಿಯಿದೆ, ಒಂದು ಮಾತ್ರ ಕಮ್ಮಿಯಂತೆ. ಮಕ್ಕಳಿಲ್ಲವೆಂದು ನೆರೆಯವರಿಬ್ಬರು ಸಹಿ ಮಾಡಿ, ವಾರ್ಡ್ ಕಚೇರಿಯ ಮೊಹರು ಬಿದ್ದ ಪತ್ರ.

ಜೆರಾಕ್ಸ್ ಅಂಗಡಿಯಿಂದ ಖಾಲಿ ನಮೂನೆ ತಂದು ಕಂಡಕ್ಟರ ಹೊಸಿಲ ಮೇಲೆ ಕೂತ. ಅವಸರದಲ್ಲಿ ಬರೆದ ಹೆಸರು ಕೋಳಿ ಕೆದರಿದಂತಾಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅದನ್ನು ನೋಡಿ ಸುಮ್ಮನಿರುವವರಲ್ಲ. ಇಂಥ ಅಕ್ಷರ ಕಂಡರೆ ಸರ್ಕಾರ ಮೂರ್ಛೆ ಹೋದೀತೆಂದು ಕಾಗದ ಕಸಿದುಕೊಂಡರು. ನೀನು ಹೋಗಿ ಜೋಡಿ ಫೋಟೋ ತೊಳೆಸಿಕೊಂಡು ಬಾ, ಅಷ್ಟರಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿಡುತ್ತೇನೆ ಎಂದರು. ಅವನು ಬರುವಷ್ಟರಲ್ಲಿ ಬರೆದು, ತಾವೂ ಸಹಿ ಹಾಕಿ, ಸುಕ್ಕಾಗದಂತೆ ಮಡಿಸಿ, ಸಹಿಯ ಜಾಗ ಮಾತ್ರ ಕಾಣುವಂತೆ ಕವರಿಗೆ ಹಾಕಿದ್ದರು.

ಇನ್ನೊಂದು ಸಹಿಗೆ ಮಹಡಿ ಮನೆಯಾಕೆ. ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಆಕೆ ದೋಷ ಯಾರದು, ಅವನದೋ ಅವಳದೋ ಎಂದು ವಿಚಾರಣೆ ಶುರುಮಾಡಿದಳು. ಕಂಡಕ್ಟರ ಗಡಿಯಾರ ನೋಡಿದ. ಬೇರೆ ದಾರಿಯಿಲ್ಲದೆ ತನ್ನದೇ ಎಂದ. ಆಕೆ ಅಯ್ಯೋ ಪಾಪ ಎಂದು ಸಹಿ ಹಾಕಿದಳು. ಅವನು ಮೆಟ್ಟಿಲಿಳಿಯುವ ಮೊದಲೇ ಆ ಸುದ್ದಿ ಇಳಿದು ಬೀದಿ ಸೇರಿತ್ತು. ಇಸ್ತ್ರಿಯಂಗಡಿಯವನು ಅವನನ್ನು ತಡೆದು, ಬಿಗಿ ಪ್ಯಾಂಟು ಹಾಕಬಾರದೆಂದು ಹತ್ತು ನಿಮಿಷ ಬುದ್ಧಿ ಹೇಳಿದ. ವಾರ್ಡ್ ಕಚೇರಿಗೆಂದು ಹತ್ತಿದ ಬಸ್ಸಿನಲ್ಲಿ ಜೊತೆಗೆ ಕೆಲಸ ಮಾಡುವ ಡ್ರೈವರು ಅಷ್ಟು ಜನರ ನಡುವೆ, “ಧೈರ್ಯವಾಗಿರು ಗುರುವೇ,” ಎಂದು ಬೆನ್ನು ತಟ್ಟಿದ. ಯಾಕೆಂದು ಗೊತ್ತಿಲ್ಲದ ಪ್ರಯಾಣಿಕರೂ ಕನಿಕರದಿಂದ ನೋಡಿದರು.

ವಾರ್ಡ್ ಕಚೇರಿಯ ಗುಮಾಸ್ತ ಸಹಿಗಳನ್ನು ಎಣಿಸಿ, ಅಕ್ಷರ ಚೆನ್ನಾಗಿದೆಯೆಂದು ಹೊಗಳಿ, ಓದದೆ ಮೊಹರು ಒತ್ತಿದ. ಒಂದಕ್ಕೆ ಇನ್ನು ಐದು ನಿಮಿಷವಿದೆ ಎನ್ನುವಾಗ ಕಂಡಕ್ಟರ ಏದುಸಿರು ಬಿಡುತ್ತ ದೊಡ್ಡಾಸ್ಪತ್ರೆಯ ಕೌಂಟರಿಗೆ ಬಂದ. ಹೆಂಡತಿಯ ಮುಷ್ಟಿಯಲ್ಲಿ ಟೋಕನ್ ಬೆವರಿ ಮೆತ್ತಗಾಗಿತ್ತು.

ಕೌಂಟರಿನಾಕೆ ಕಾಗದ ಬಿಡಿಸಿ ಓದಿದಳು. ಆ ದಿನ ಅದನ್ನು ಓದಿದವರಲ್ಲಿ ಅವಳೇ ಮೊದಲಿಗಳು.

“ಎರಡು ಮಕ್ಕಳಿದ್ದೂ ಇಲ್ಯಾಕೆ ಬಂದ್ರಿ?”

ಕಂಡಕ್ಟರನಿಗೆ ಅರ್ಥವಾಗಲಿಲ್ಲ. ಅವಳು ಬೆರಳಿಟ್ಟು ತೋರಿಸಿದಳು. ಮಕ್ಕಳ ವಿವರ: ಗಂಡು ಒಂದು, ಹೆಣ್ಣು ಒಂದು.

ಅವನು ಅಲ್ಲಿಂದಲೇ ಮೇಷ್ಟ್ರಿಗೆ ಫೋನು ಮಾಡಿದ.

“ಇಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ ಕಣಪ್ಪ,” ಎಂದರು ಅವರು. “ಡಬ್ಬಿಯಲ್ಲಿ ಕಾಳು ಮುಗಿದ್ರೂ ತುಂಬಿದೆ ಅಂತೀವಿ. ಅಂಥಾದ್ರಲ್ಲಿ ಶುಭಕಾರ್ಯಕ್ಕೆ ಹೊರಟವರ ಕಾಗದದಲ್ಲಿ ಇಲ್ಲ ಅಂತ ಹ್ಯಾಗೆ ಬರೀಲಿ? ಹೇಗೂ ಆಗುತ್ತಲ್ಲ, ಈಗಲೇ ಬರೆದೆ. ಒಳ್ಳೇದಾಗ್ಲಿ.”

ಕಂಡಕ್ಟರ ಎಲ್ಲವನ್ನೂ ವಿವರಿಸಿ ಹೇಳಿದ. ಕೌಂಟರಿನಾಕೆ ಕೆಟ್ಟವಳಲ್ಲ, ಪೂರ್ತಿ ಕೇಳಿಸಿಕೊಂಡಳು. ಆದರೆ ಮೊಹರು ಬಿದ್ದ ಕಾಗದದ ಮುಂದೆ ಬಾಯಿಮಾತು ನಡೆಯುವುದಿಲ್ಲವೆಂದಳು. ನಾಳೆ ಬೇರೆ ಪತ್ರ ತನ್ನಿ ಎನ್ನಹೊರಟವಳು, ಫೈಲಿನಲ್ಲಿದ್ದ ಹುಟ್ಟಿದ ತಾರೀಕು ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಎದುರು ರಸ್ತೆಯ ಖಾಸಗಿಯವರು ವಯಸ್ಸು ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿ, ಕಿಟಕಿಯ ಬಾಗಿಲೆಳೆದುಕೊಂಡಳು.

ಇಬ್ಬರೂ ಬೆಂಚಿನ ಮೇಲೆ ಕೂತರು. ಬೆಳಗಿನಿಂದ ತುಂಬಿದ್ದ ವರಾಂಡ ಖಾಲಿಯಾಗಿತ್ತು. ಆಯಾ ನೆಲ ಒರೆಸುತ್ತ ಬಂದು, ಕಾಲೆತ್ತಿ ಎಂದಳು. ಎತ್ತಿದರು. ಕಂಡಕ್ಟರ ಹಲ್ಲು ಕಚ್ಚಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದ. ಟಿಕೆಟ್ ಹರಿದು ಪಳಗಿದ ಕೈ. ಒಂದು ಕ್ಷಣದ ಕೆಲಸ.

ಹೆಂಡತಿ ಅದನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡಳು. ಇನ್ನೊಮ್ಮೆ ಓದಿ, ಮಡಿಸಿ, ಚೀಲದೊಳಗಿಟ್ಟು ಜಿಪ್ ಎಳೆದಳು.

“ಹರೀಬೇಡಿ,” ಎಂದಳು. “ನಮ್ಮ ಹೆಸರಲ್ಲಿರೋದು ಇವೆರಡೇ.”