ಬಚ್ಚಲೊಲೆಗೆ ಬಿದ್ದ ಸಮುದ್ರ

ನಮ್ಮ ಭಾವನವರನ್ನು ದಿಕ್ಕು ಕೇಳಬಹುದು, ದಾರಿ ಮಾತ್ರ ಕೇಳಬಾರದು! ಕಳಸಕ್ಕೆ ಹೋಗುವವರು ದಾರಿ ಕೇಳಿದರೆ ಜೇಬಿನಿಂದ ದಿಕ್ಸೂಚಿ ತೆಗೆದು, "ಉತ್ತರದಿಂದ ಪೂರ್ವಕ್ಕೆ ಹನ್ನೆರಡು ಡಿಗ್ರಿ" ಎನ್ನುತ್ತಾರೆ. ಯಜಮಾನರ ಅಣ್ಣ; ಕುದುರೆಮುಖದ ಗಣಿಯಲ್ಲಿ ದುಡಿದವರು. ಗಣಿ ನಿಂತಿತು, ಕಲ್ಲಿನ ಹುಚ್ಚು ನಿಲ್ಲಲಿಲ್ಲ. ಪಕ್ಕದೆಸ್ಟೇಟಿನ ಗೃಹಪ್ರವೇಶದಲ್ಲಿ ದಿಕ್ಸೂಚಿ ಹಿಡಿದು, ಹೋಮಕ್ಕೆ ಕೂತಿದ್ದ ಭಟ್ಟರಿಗೇ, "ಇದು ಪೂರ್ವ ಅಲ್ಲ, ಆಗ್ನೇಯ!" ಎಂದಿದ್ದರು. ಭಟ್ಟರು ತಲೆ ಎತ್ತದೆ, "ಮೊದಲು ಆ ಗ್ಯಾಸ್ ಸಿಲಿಂಡರ್ ಪಕ್ಕದಿಂದ ಏಳಿ ಮಾರಾಯ್ರೆ, ಕಬ್ಬಿಣಕ್ಕೆ ಮುಳ್ಳು ತಿರುಗ್ತದೆ" ಎಂದರು!

ಅಂದು ನಾನು ಹಿತ್ತಲಲ್ಲಿ ಕೂವೆಹಿಟ್ಟು ತೆಗೆಯುತ್ತಿದ್ದೆ. ಗೆಡ್ಡೆ ಅರೆದು, ಸೋಸಿ, ಹಿಟ್ಟು ತಳ ಕೂತ ಮೇಲೆ ಮೇಲಿನ ನೀರು ಬಗ್ಗಿಸಬೇಕು. ಮೊಣಕಾಲು ನೋವಿನಿಂದ ಮೊನ್ನೆ ತನಕ ಕುಂಟುತ್ತಿದ್ದ ಭಾವನವರು ಫೋನ್ ಹಿಡಿದು ಓಡಿ ಬಂದರು.

"ನಾಳೆ ಬರ್ತಾರಂತೆ ಮಾರಾಯ್ತಿ! ವಿಶ್ವವಿದ್ಯಾಲಯದ ಮೇಡಂ! ನಾನು ಹಳ್ಳದಿಂದ ತಂದ ಕಲ್ಲು ನೋಡ್ಲಿಕ್ಕೆ!"

ಹೆಣ್ಣು ನೋಡುವ ಶಾಸ್ತ್ರಕ್ಕೂ ನಮ್ಮ ಮನೆಯಲ್ಲಿ ಇಷ್ಟು ಗಡಿಬಿಡಿ ಆಗಿರಲಿಲ್ಲ!

"ಅಂಥದ್ದೇನಿದೆ ಭಾವ ಅದರಲ್ಲಿ?"

"ನಿನ್ನ ಕೂವೆ ಬಾನಿ ನೋಡು. ಹಿಟ್ಟು ನಿಧಾನಕ್ಕೆ ತಳ ಕೂರ್ತದಲ್ಲ? ಇಲ್ಲಿ ಒಂದು ಕಾಲಕ್ಕಿದ್ದ ಸಮುದ್ರದಲ್ಲಿ ಕೆಸರೂ ಹೀಗೇ ಕೂತದ್ದು. ಅದರೊಳಗಿನ ಕಬ್ಬಿಣದ ಪುಡಿ ಕೂರುವಾಗ ದಿಕ್ಸೂಚಿ ಮುಳ್ಳಿನ ಹಾಗೆ ತಿರುಗಿ ಕೂರ್ತದೆ. ಕೆಸರು ಕಲ್ಲಾಯ್ತು, ಆ ದಿಕ್ಕು ಒಳಗೇ ಉಳೀತು! ಆಮೇಲೆ ನೆಲದೊಳಗೆ ಬಿಸಿ ತಾಗಿ ಸ್ವಲ್ಪ ಬದಲಾಗಿರ್ತದೆ. ಹಳೇದೆಷ್ಟು, ಹೊಸದೆಷ್ಟು ಅಂತ ಮೇಡಂ ಬಿಡಿಸಿ ನೋಡ್ತಾರೆ."

"ಕೆಂಡದಲ್ಲಿ ಕಾಸಿದರೆ?"

"ಹಳೇ ನೆನಪು ಹೋಗಿ, ತಣಿಯುವ ಜಾಗದ ದಿಕ್ಕೇ ಹಿಡ್ಕೊಳ್ತದೆ. ಕಾಸೋ ಅಷ್ಟು ಹುಚ್ಚು ಯಾರಿಗಿದೆ?"

ನನ್ನ ಕೈಯಲ್ಲಿದ್ದ ಬಾನಿ ಅಲುಗಿ, ಕೂತ ಹಿಟ್ಟೆಲ್ಲ ಎದ್ದಿತು.

"ಭಾವ... ಬಚ್ಚಲ ಕಟ್ಟೆ ಮೇಲಿದ್ದ, ಬಿಳಿ ಬಾಣ ಬರೆದಿದ್ದ ಕರಿ ಕಲ್ಲಾ?"

"ಹೌದು! ಕಾಲು ಕೆಡುವ ಮೊದಲು ತಂದದ್ದು. ಹಳ್ಳದ ಬಂಡೆಯಿಂದ ಬಿಡಿಸುವ ಮೊದಲೇ ಉತ್ತರಕ್ಕೆ ಬಾಣ ಬರೆದಿದ್ದೆ."

"ವಾರದಿಂದ ನಿಮ್ಮ ಮೊಣಕಾಲಿಗೆ ಶಾಖ ಕೊಡ್ತಿರೋದು ಅದರದ್ದೇ. ಒಲೆ ಕೆಂಡದಲ್ಲಿ ಕಾಸಿ, ಸೀರೆ ತುಂಡು ಸುತ್ತಿ..."

ಭಾವನವರು ಬಚ್ಚಲಿಗೆ ಹೋದರು. ಬಾಣ ಸುಟ್ಟು ಹೋಗಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬೈದಿದ್ದರೆ ವಾಸಿಯಿತ್ತು. ನಾನು ಮನಸ್ಸಿನಲ್ಲೇ ಹೊರನಾಡಿನ ಅಮ್ಮನಿಗೆ ಅಕ್ಕಿ ಹರಸಿಕೊಂಡೆ.

"ಈ ಕಲ್ಲು ಸಮುದ್ರ ಮರೆತಿದೆ, ಮಾರಾಯ್ತಿ," ಎಂದರು ಕೊನೆಗೆ. "ಈಗ ಅದಕ್ಕೆ ನೆನಪಿರೋದು ನಮ್ಮ ಬಚ್ಚಲೊಲೆ ಮಾತ್ರ."

"ತಪ್ಪಾಯ್ತು ಭಾವ. ಹಳ್ಳದಲ್ಲಿ ಬೇರೆ ಇಲ್ವಾ?"

"ಇಡೀ ಬಂಡೆಯೇ ಇದೆ. ಇಳಿಲಿಕ್ಕೆ ಕಾಲು ಬೇಕಲ್ಲ! ವರ್ಷದಿಂದ..." ಎನ್ನುತ್ತಾ ಎದ್ದು ನಿಂತವರು, ಮಾತು ನಿಲ್ಲಿಸಿ ತಮ್ಮ ಮೊಣಕಾಲನ್ನೇ ನೋಡಿಕೊಂಡರು. ಕುಕ್ಕರುಗಾಲಿನಿಂದ ಗೋಡೆ ಹಿಡಿಯದೆ ಎದ್ದಿದ್ದರು! ಮತ್ತೊಮ್ಮೆ ಕೂತರು, ಎದ್ದರು. ದೇವರು ಕಣ್ಣು ಬಿಟ್ಟಿದ್ದ!

"ಮೇಡಂನ ನಾನೇ ಹಳ್ಳಕ್ಕೆ ಇಳಿಸ್ತೇನೆ!" ಎಂದು ಕೂಗಿ, ಆ ಕಲ್ಲನ್ನು ತಾವೇ ಒಲೆಯ ಪಕ್ಕ ಜೋಪಾನವಾಗಿ ಇಟ್ಟರು. "ಇದು ಇಲ್ಲೇ ಇರ್ಲಿ. ನಾಳೆ ಹಳ್ಳದಿಂದ ಹತ್ತಿ ಬಂದ ಮೇಲೆ ಕಾಲಿಗೆ ಬೇಕಾಗ್ತದೆ."

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೂವೆ ಬಾನಿಗೆ ಹೊಸ ನೀರು ಹೊಯ್ದೆ.